ಬೆಂತೋಟದ ಕಡಲಿಗೆ ಹೊರಡುವ ಮುನ್ನ

ಬೆಂಗಳೂರಿಗೆ ಏನಿಲ್ಲವೆಂದರೆ ಸಮುದ್ರವೊಂದಿಲ್ಲ. ಮೂರು ಸಾವಿರ ಅಡಿ ಎತ್ತರದಲ್ಲಿರುವ ಈ ನಗರದ ಪೂರ್ವಭಾಗದಲ್ಲಿ ಹುಟ್ಟಿ ಬೆಳೆದ ಮಗುವಿಗೆ ದೊಡ್ಡ ನೀರು ಎಂದರೆ ಹಲಸೂರು ಕೆರೆಯೇ. ಅದರ ಅಲೆ ದಡದ ಕಲ್ಲನ್ನು ಮುಟ್ಟಿ ಹಿಂದಿರುಗುತ್ತದೆಯೇ ಹೊರತು ಯಾರ ಕಾಲನ್ನೂ ಹಿಡಿದು ಎಳೆಯುವುದಿಲ್ಲ. ಇಲ್ಲದ ವಸ್ತುವಿನ ಮೇಲೆ ಮನಸ್ಸು ಹೆಚ್ಚಾಗಿ ಓಡುವುದು ಸಹಜವಷ್ಟೆ. ಶಿವಾಜಿನಗರ, ಹಲಸೂರು, ಇಂದಿರಾನಗರ, ಕೃಷ್ಣರಾಜಪುರಗಳ ಸಂಸಾರಗಳಲ್ಲಿ ಮಕ್ಕಳ ರಜೆಯ ಮಾತು ಬಂದೊಡನೆ ಕಡಲಿನ ಮಾತೂ ಬರುತ್ತದೆ. ಇತ್ತೀಚಿನ ವರ್ಷಗಳಲ್ಲಿ ಆ ಮಾತು ಮಂಗಳೂರು, ಗೋಕರ್ಣ, ಪುದುಚೇರಿಗಳನ್ನು ದಾಟಿ ಹೊರದೇಶದ ಕಡಲತೀರಗಳವರೆಗೂ ಬೆಳೆದಿದೆ. ಅವುಗಳಲ್ಲಿ ಬೆಂಗಳೂರಿಗೆ ಅತಿ ಸಮೀಪದ್ದು, ಮಧ್ಯಮ ವರ್ಗದ ಕೈಗೆ ಎಟುಕತಕ್ಕದ್ದು, ಶ್ರೀಲಂಕೆಯ ತೀರ.

ಇದು ಈಚಿನ ಶೋಕಿ ಎಂದು ತಿಳಿಯಬೇಕಾಗಿಲ್ಲ. 1864ರಲ್ಲಿ ಜೋಲಾರಪೇಟೆಯಿಂದ ದಂಡಿನ ನಿಲ್ದಾಣಕ್ಕೆ ರೈಲು ಬಂದಂದೇ ಪೂರ್ವದ ಕಡಲಿಗೆ ದಾರಿ ತೆರೆಯಿತು. 1914ರಲ್ಲಿ ಪಾಂಬನ್ ಸೇತುವೆ ಸಿದ್ಧವಾದ ಮೇಲೆ, ಮದರಾಸಿನ ಎಗ್ಮೋರಿನಲ್ಲಿ ‘ಬೋಟ್ ಮೇಲ್’ ಹತ್ತಿದವರು ಧನುಷ್ಕೋಟಿಯಲ್ಲಿ ಇಳಿದು, ಹಡಗಿನಲ್ಲಿ ತಲೈಮನ್ನಾರಿಗೆ ದಾಟಿ, ಮತ್ತೊಂದು ರೈಲಿನಲ್ಲಿ ಕೊಲಂಬೊ ಸೇರಬಹುದಾಗಿತ್ತು. 1964ರ ಡಿಸೆಂಬರಿನ ಚಂಡಮಾರುತ ಧನುಷ್ಕೋಟಿಯನ್ನೇ ಅಳಿಸಿಹಾಕಿದಾಗ ಆ ಮಾರ್ಗವೂ ಕಡಿದುಹೋಯಿತು. ಇಂದಿನ ಮಾರ್ಗ ಆಕಾಶದ್ದು. 2008ರ ಮೇ ತಿಂಗಳವರೆಗೆ ಇಂದಿರಾನಗರದವರಿಗೆ ವಿಮಾನ ನಿಲ್ದಾಣವೆಂದರೆ ಪಕ್ಕದ ಎಚ್.ಎ.ಎಲ್.; ಮನೆಯಲ್ಲಿ ಕಾಫಿ ಕುಡಿದು ಹೊರಟರೂ ವಿಮಾನ ಸಿಗುತ್ತಿತ್ತು. ಈಗ ದೇವನಹಳ್ಳಿಗೆ ಹೋಗಬೇಕು. 2023ರ ಸೆಪ್ಟೆಂಬರಿನಿಂದ ಹೊರದೇಶದ ವಿಮಾನಗಳು ಎರಡನೆಯ ಟರ್ಮಿನಲ್‌ನಿಂದ ಹೊರಡುತ್ತಿವೆ. ಕೊಲಂಬೊಗೆ ನೇರ ವಿಮಾನದಲ್ಲಿ ಸುಮಾರು ಒಂದೂವರೆ ಗಂಟೆಯ ಪಯಣ. ಸಂಜೆಯ ಹೊತ್ತಿನಲ್ಲಿ ಕೃಷ್ಣರಾಜಪುರದಿಂದ ವರ್ತುಲ ರಸ್ತೆ ಹಿಡಿದು ದೇವನಹಳ್ಳಿ ಮುಟ್ಟಲು ಅದಕ್ಕಿಂತ ಹೆಚ್ಚು ಹೊತ್ತು ಹಿಡಿದರೂ ಆಶ್ಚರ್ಯವಿಲ್ಲ.

ಹೀಗೆ ಹೊರಡತಕ್ಕವರು ಟಿಕೆಟ್ಟು ಕೊಳ್ಳುವ ಮುನ್ನವೇ ತಿಳಿದಿರಬೇಕಾದ ಸಂಗತಿಯೊಂದಿದೆ. ಅದನ್ನು ಪ್ರವಾಸದ ಕಂಪೆನಿಗಳ ಬಣ್ಣದ ಚಿತ್ರಗಳು ಹೇಳುವುದಿಲ್ಲ.

ಶಾಲೆಯ ಪಂಚಾಂಗ, ಕಡಲಿನ ಪಂಚಾಂಗ

ಬೆಂಗಳೂರಿನ ಸಂಸಾರ ಪ್ರವಾಸ ಹೊರಡುವುದು ಶಾಲೆಯ ರಜೆಯನ್ನು ನೋಡಿ: ಏಪ್ರಿಲ್-ಮೇ ತಿಂಗಳ ಬೇಸಿಗೆ, ದಸರಾ, ಕ್ರಿಸ್‌ಮಸ್. ಲಂಕೆಯ ಕಡಲು ನಡೆಯುವುದು ಮಳೆಗಾಳಿಯನ್ನು ನೋಡಿ. ಇವೆರಡೂ ಒಂದಕ್ಕೊಂದು ಹೊಂದುವುದು ಅಪರೂಪ.

ಮೇ ತಿಂಗಳಿನಿಂದ ನೈಋತ್ಯ ಮಾರುತ ಲಂಕೆಯ ಪಶ್ಚಿಮ ಮತ್ತು ದಕ್ಷಿಣ ತೀರಗಳ ಮೇಲೆ ನೇರವಾಗಿ ಬೀಸುತ್ತದೆ. ಕೊಲಂಬೊ, ಬೆಂತೋಟ, ಹಿಕ್ಕಡುವ, ಗಾಲೆಗಳ ಕಡಲು ಆಗ ಕೆರಳುತ್ತದೆ. ಸೆಪ್ಟೆಂಬರ್ ಮುಗಿಯುವವರೆಗೂ ಅದನ್ನು ನಂಬತಕ್ಕದ್ದಲ್ಲ. ಅದೇ ತಿಂಗಳುಗಳಲ್ಲಿ ದ್ವೀಪದ ಪೂರ್ವತೀರ, ಎಂದರೆ ತ್ರಿಕೋಣಮಲೆ, ಪಾಸಿಕುಡ, ಅರುಗಂ ಕೊಲ್ಲಿಗಳು, ಬಿಸಿಲು ಕಾಯುತ್ತ ಶಾಂತವಾಗಿರುತ್ತವೆ. ಡಿಸೆಂಬರಿನಲ್ಲಿ ಎಲ್ಲವೂ ತಿರುವುಮುರುವು. ಈಶಾನ್ಯ ಮಾರುತ ಪೂರ್ವತೀರವನ್ನು ಕದಡಿದಾಗ ಬೆಂತೋಟದ ನೀರು ತಿಳಿಯಾಗುತ್ತದೆ, ಏಪ್ರಿಲ್ ಆರಂಭದವರೆಗೂ ಹೆಚ್ಚು ಕಡಿಮೆ ಹಾಗೆಯೇ ಇರುತ್ತದೆ.

ಆದಕಾರಣ ಮೇ ತಿಂಗಳಲ್ಲಿ ಬೆಂತೋಟದ ಹೋಟೆಲು ಅರ್ಧ ಬೆಲೆಗೆ ಸಿಕ್ಕಿತೆಂದು ಹಿಗ್ಗುವ ಮುನ್ನ, ಅದು ಏಕೆ ಅರ್ಧ ಬೆಲೆಗೆ ಸಿಕ್ಕಿತೆಂದು ಯಜಮಾನರು ಒಂದು ಸಲ ಯೋಚಿಸಬೇಕು. ಕೊಠಡಿಯಿಂದ ಕಡಲನ್ನು ನೋಡಬಹುದು, ಅದರ ಸದ್ದು ಕೇಳಬಹುದು. ಮಕ್ಕಳನ್ನು ಅದರೊಳಕ್ಕೆ ಇಳಿಸುವಂತಿಲ್ಲ. ಬೇಸಿಗೆ ರಜೆಯಲ್ಲೇ ಹೋಗಬೇಕೆಂಬವರು ಪೂರ್ವತೀರದ ಪಾಸಿಕುಡವನ್ನು ಆರಿಸಿಕೊಳ್ಳುವುದು ಮೇಲು. ಅಲ್ಲಿ ನೀರು ಬಹುದೂರದವರೆಗೆ ಸೊಂಟದ ಆಳವನ್ನೂ ಮೀರುವುದಿಲ್ಲ. ಕೊಲಂಬೊ ವಿಮಾನ ನಿಲ್ದಾಣದಿಂದ ಆರೇಳು ಗಂಟೆಯ ದಾರಿಯೆಂಬುದೊಂದೇ ತೊಡಕು. ನಡುವೆ ದಂಬುಲ್ಲದಲ್ಲಿ ಒಂದು ರಾತ್ರಿ ತಂಗಿದರೆ ಗುಹಾದೇವಾಲಯದ ದರ್ಶನವೂ ಆಗುತ್ತದೆ, ಹಿರಿಯರ ಬೆನ್ನೂ ಉಳಿಯುತ್ತದೆ. ಪೂರ್ವತೀರದಲ್ಲಿ ತಮಿಳು ನಡೆಯುತ್ತದೆ. ಹಲಸೂರಿನ ಬೀದಿಯಲ್ಲಿ ಕನ್ನಡ, ತಮಿಳು, ತೆಲುಗು, ಉರ್ದು ನಾಲ್ಕನ್ನೂ ಒಂದೇ ಉಸಿರಿನಲ್ಲಿ ಆಡಿ ತರಕಾರಿ ಕೊಂಡವರಿಗೆ ಅಲ್ಲಿ ದುಭಾಷಿಯ ಅಗತ್ಯವೇ ಬೀಳದು.

ಏಪ್ರಿಲಿನಲ್ಲಿ ಇನ್ನೊಂದು ಸಂಗತಿಯನ್ನು ಗಮನಿಸಬೇಕು. 13-14ನೆಯ ತಾರೀಖಿನ ಸುಮಾರಿಗೆ ಸಿಂಹಳ-ತಮಿಳು ಹೊಸ ವರ್ಷ. ಊರಿಗೆ ಊರೇ ಹಳ್ಳಿಯತ್ತ ಹೊರಡುವುದರಿಂದ ಬಸ್ಸು-ರೈಲುಗಳು ಕಿಕ್ಕಿರಿದಿರುತ್ತವೆ, ಅನೇಕ ಅಂಗಡಿಗಳು ಹಲವು ದಿನ ಬಾಗಿಲು ಹಾಕಿರುತ್ತವೆ.

ದಸರೆಯ ಕಾಲ ಎರಡು ಮಾರುತಗಳ ನಡುವಣ ಸಂಧಿಕಾಲ. ಬೆಳಗು ಚೆನ್ನಾಗಿರುತ್ತದೆ, ಮಧ್ಯಾಹ್ನವಾದ ಮೇಲೆ ಗುಡುಗು-ಸಿಡಿಲಿನ ಮಳೆ ಬರುವುದುಂಟು. ದಸರೆಗೆ ಹೋಗುವವರು ಕಡಲಿನ ಕೆಲಸವನ್ನು ಹನ್ನೊಂದು ಗಂಟೆಯೊಳಗೆ ಮುಗಿಸಿಕೊಳ್ಳಬೇಕು. ಗುಡುಗು ಕೇಳಿಸಿದ ಕೂಡಲೆ, ಅದು ಎಷ್ಟೇ ದೂರದ್ದಾಗಿರಲಿ, ನೀರಿನಿಂದ ಮಾತ್ರವಲ್ಲ, ಬಯಲು ಮರಳಿನಿಂದಲೂ ಎದ್ದು ಒಳಗೆ ಸೇರಬೇಕು. ನವೆಂಬರ್ ಸಾಮಾನ್ಯವಾಗಿ ಒಳ್ಳೆಯ ಕಾಲದ ಆರಂಭವೆಂದು ಹೇಳುವುದುಂಟಾದರೂ, 2025ರ ನವೆಂಬರ್ ಕೊನೆಯಲ್ಲಿ ‘ದಿತ್ವಾ’ ಚಂಡಮಾರುತ ಲಂಕೆಯಲ್ಲಿ ನೂರಾರು ಜನರ ಪ್ರಾಣ ಕೊಂಡಿತು. ಪಂಚಾಂಗ ನೋಡಿ ಹೊರಟವರೂ ಹವಾಮಾನ ಇಲಾಖೆಯ ಮಾತನ್ನು ಕೇಳಲೇಬೇಕು.

ಎಲ್ಲ ರೀತಿಯಿಂದಲೂ ಹೊಂದುವ ರಜೆ ಎಂದರೆ ಕ್ರಿಸ್‌ಮಸ್ಸಿನದು. ಆದರೆ ಆಗ ಯೂರೋಪಿನ ಚಳಿಗೆ ಹೆದರಿ ಬಂದವರೆಲ್ಲ ಬೆಂತೋಟದಲ್ಲೇ ನೆರೆದಿರುತ್ತಾರೆ, ಬೆಲೆ ಏರಿರುತ್ತದೆ. ಮೂರು-ನಾಲ್ಕು ತಿಂಗಳು ಮುಂಚಿತವಾಗಿ ಸ್ಥಳ ಗೊತ್ತುಮಾಡಿಕೊಂಡವರೇ ಜಾಣರು.

ಬೆಂತೋಟವೆಂಬ ಊರು

ಹೆಸರು ಕೇಳಿ ಇದೊಂದು ತೋಟವೆಂದು ಕನ್ನಡಿಗರು ಭಾವಿಸುವುದು ಸಹಜ. ಸಿಂಹಳದಲ್ಲಿ ‘ತೊಟ’ ಎಂದರೆ ದೋಣಿ ದಾಟುವ ಕಡವು, ರೇವು. ಬೆಂತರ ಗಂಗೆ ಎಂಬ ನದಿ ಕಡಲು ಸೇರುವ ಸ್ಥಳದಲ್ಲಿ ಊರು ನಿಂತಿದೆ. ನದಿ ನೇರವಾಗಿ ಕಡಲಿಗೆ ಬೀಳದೆ ತೀರದ ಪಕ್ಕದಲ್ಲೇ ಸ್ವಲ್ಪ ದೂರ ಸುಳಿದಾಡುವುದರಿಂದ ನಡುವೆ ಮರಳಿನ ಒಂದು ಕಿರಿದಾದ ನಾಲಗೆ ಉಳಿದಿದೆ. ಒಂದು ಪಕ್ಕದಲ್ಲಿ ಅಬ್ಬರದ ಉಪ್ಪುನೀರು, ಇನ್ನೊಂದು ಪಕ್ಕದಲ್ಲಿ ನಿದ್ದೆಗಣ್ಣಿನ ನದಿ; ಇವೆರಡನ್ನೂ ಒಂದೇ ಮರದ ನೆರಳಿನಿಂದ ನೋಡಬಹುದಾದ ಜಾಗ ಹೆಚ್ಚು ಇರಲಾರದು. ನದಿಯ ಉತ್ತರ ದಡದ ಊರು ಅಲುತ್‌ಗಮ. ಪೇಟೆ, ತರಕಾರಿ, ಔಷಧದ ಅಂಗಡಿ ಎಲ್ಲವೂ ಅಲ್ಲಿಯೇ.

1960ರ ದಶಕದ ಕೊನೆಯಲ್ಲಿ ಲಂಕೆಯ ಸರ್ಕಾರ ಈ ಹಳ್ಳಿಯನ್ನು ವಿಹಾರಸ್ಥಳವನ್ನಾಗಿ ಬೆಳೆಸಲು ತೊಡಗಿದಾಗ ವಾಸ್ತುಶಿಲ್ಪಿ ಜೆಫ್ರಿ ಬಾವಾ ಇಲ್ಲಿ ಬೆಂತೋಟ ಬೀಚ್ ಹೋಟೆಲನ್ನು ಕಟ್ಟಿದರು. ಅದು 1969ರಲ್ಲಿ ಮುಗಿಯಿತು. ಹೆಂಚಿನ ಇಳಿಜಾರು ಮಾಡು, ನಡುವೆ ಅಂಗಳ, ಅಂಗಳದಲ್ಲಿ ನೀರು: ಕರಾವಳಿಯ ಹಳೆಯ ಮನೆಗಳನ್ನು ಕಂಡವರಿಗೆ ಇದು ಪರಿಚಿತವೇ ಎನ್ನಿಸುತ್ತದೆ. ಊರಿನ ಒಳಗಡೆ, ದೆದ್ದುವ ಎಂಬ ಸರೋವರದ ದಡದಲ್ಲಿ, ಬಾವಾ 1948ರಲ್ಲಿ ಕೊಂಡು ಸುಮಾರು ಐವತ್ತು ವರ್ಷ ತಿದ್ದಿ ತೀಡಿದ ‘ಲುನುಗಂಗ’ ಎಂಬ ತೋಟವಿದೆ. ಮುಂಚಿತವಾಗಿ ತಿಳಿಸಿ ಹೋದರೆ ಮಾರ್ಗದರ್ಶಕರ ಸಂಗಡ ನೋಡಬಹುದು. ಮಕ್ಕಳಿಗೆ ಬೇಸರವಾದೀತು, ಇಂದಿರಾನಗರದ ಹಳೆಯ ಬಂಗಲೆಗಳು ಒಂದೊಂದಾಗಿ ನೆಲಸಮವಾದುದನ್ನು ಕಂಡ ಹಿರಿಯರಿಗೆ ಆಗದು.

ಕಾಗದ ಪತ್ರ, ಹಣಕಾಸು

ಪಾಸ್‌ಪೋರ್ಟಿಗೆ ಕನಿಷ್ಠ ಆರು ತಿಂಗಳ ಅವಧಿ ಉಳಿದಿರಬೇಕು. ಕೈಗೂಸಿಗೂ ಪ್ರತ್ಯೇಕ ಪಾಸ್‌ಪೋರ್ಟು ಬೇಕು. ಲಂಕೆಯ ಪ್ರವೇಶಾನುಮತಿಯ ನಿಯಮ, ಶುಲ್ಕಗಳು 2023ರಿಂದೀಚೆಗೆ ಹಲವು ಸಲ ಬದಲಾಗಿರುವುದರಿಂದ ಕಳೆದ ವರ್ಷ ಹೋಗಿಬಂದ ನೆರೆಮನೆಯವರ ಮಾತನ್ನು ನೆಚ್ಚಿಕೊಳ್ಳದೆ, ಆ ದೇಶದ ವಲಸೆ ಇಲಾಖೆಯ ಅಧಿಕೃತ ಜಾಲತಾಣದಲ್ಲಿಯೇ ನೋಡತಕ್ಕದ್ದು. ಅದೇ ಹೆಸರಿನಂತೆ ಕಾಣುವ ಖಾಸಗಿ ತಾಣಗಳು ಹೆಚ್ಚು ಹಣ ಕೀಳುತ್ತವೆ.

ಹಣ ಅಲ್ಲಿಯೂ ರೂಪಾಯಿಯೇ, ಆದರೆ ಬೇರೆ ರೂಪಾಯಿ. ಇಲ್ಲಿಯ ಒಂದಕ್ಕೆ ಅಲ್ಲಿಯ ಮೂರಕ್ಕಿಂತ ಹೆಚ್ಚು ಸಿಗುತ್ತವೆ, ದರ ಏರಿಳಿಯುತ್ತಿರುತ್ತದೆ. ಈ ಹೆಸರಿನ ಸಾಮ್ಯದಿಂದ ಎರಡು ಬಗೆಯ ಮೋಸವುಂಟು. ಎಳನೀರಿನ ಬೆಲೆ ಕೇಳಿ ಗೃಹಿಣಿ ಬೆಚ್ಚುವುದು ಒಂದು. ‘ಇಷ್ಟು ರೂಪಾಯಿ’ ಎಂದು ಹೇಳಿ ಲೆಕ್ಕ ಮಾಡುವಾಗ ‘ಭಾರತದ ರೂಪಾಯಿ’ ಎಂದು ಜಾರಿಸುವ ಚತುರ ಇನ್ನೊಂದು. ಬೆಲೆ ಒಪ್ಪುವಾಗಲೇ ಯಾವ ದೇಶದ ರೂಪಾಯಿ ಎಂದು ಬಾಯಿಬಿಟ್ಟು ಕೇಳಬೇಕು. 2024ರ ಫೆಬ್ರವರಿಯಿಂದ ಭಾರತದ ಯುಪಿಐ ಅಲ್ಲಿಯೂ ಆರಂಭವಾಗಿದೆಯಾದರೂ ಸಣ್ಣ ಅಂಗಡಿಗೆ, ತ್ರಿಚಕ್ರಿಗೆ ನಗದೇ ಬೇಕು. ಹೋಟೆಲಿನ ಲೆಕ್ಕದಲ್ಲಿ ಶೇಕಡಾ 10ರ ಸೇವಾಶುಲ್ಕ ಮತ್ತು ಸರ್ಕಾರದ ತೆರಿಗೆ ಸೇರುತ್ತವೆ. ಕೊಠಡಿಯ ಬೆಲೆ ಕೇಳುವಾಗ ಇವೆಲ್ಲ ಸೇರಿ ಎಷ್ಟೆಂದು ಕೇಳುವುದು ಕ್ಷೇಮ. ಗಡಿಯಾರದ ಮುಳ್ಳು ತಿರುಗಿಸಬೇಕಾಗಿಲ್ಲ, ಎರಡು ದೇಶಗಳಿಗೂ ಒಂದೇ ಹೊತ್ತು. ವಿದ್ಯುತ್ತಿನ ಪ್ಲಗ್ಗು ಮಾತ್ರ ಅನೇಕ ಕಡೆ ಚಪ್ಪಟೆ ಕಾಲಿನದು. ಒಂದು ಅಡಾಪ್ಟರ್ ಜೊತೆಯಲ್ಲಿರಲಿ.

ವಿಮಾನ ನಿಲ್ದಾಣವಿರುವುದು ಕೊಲಂಬೊವಿನ ಉತ್ತರಕ್ಕೆ ಕಟುನಾಯಕದಲ್ಲಿ. ಬೆಂತೋಟ ಕೊಲಂಬೊವಿನ ದಕ್ಷಿಣಕ್ಕೆ ಸುಮಾರು 65 ಕಿಲೋಮೀಟರ್. 2011ರಲ್ಲಿ ತೆರೆದ ದಕ್ಷಿಣದ ವೇಗಮಾರ್ಗದಲ್ಲಿ ವೆಲಿಪೆನ್ನ ಎಂಬಲ್ಲಿ ಇಳಿದರೆ ನಿಲ್ದಾಣದಿಂದ ಒಟ್ಟು ಎರಡು-ಎರಡೂವರೆ ಗಂಟೆ. ನಾಲ್ಕೈದು ಜನರ ಸಂಸಾರಕ್ಕೆ ಬಾಡಿಗೆಯ ವ್ಯಾನೇ ಅಗ್ಗ. ತ್ರಿಚಕ್ರಿಗಳವರ ಸಂಗಡ ಮಾತಾಡುವ ಬಗೆಯನ್ನು ಶಿವಾಜಿನಗರದ ಬಸ್ ನಿಲ್ದಾಣದ ಮುಂದೆ ಪಳಗಿದವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ನೀರಿಗಿಳಿಯುವ ಮುನ್ನ

2024ರ ಡಿಸೆಂಬರಿನಲ್ಲಿ ಮುರುಡೇಶ್ವರಕ್ಕೆ ಪ್ರವಾಸ ಹೋಗಿದ್ದ ಕೋಲಾರ ಜಿಲ್ಲೆಯ ವಸತಿಶಾಲೆಯೊಂದರ ನಾಲ್ವರು ವಿದ್ಯಾರ್ಥಿನಿಯರು ಕಡಲಿನಲ್ಲಿ ಮುಳುಗಿಹೋದುದು ಕನ್ನಡನಾಡಿಗೆಲ್ಲ ನೆನಪಿದೆ. ಕೃಷ್ಣರಾಜಪುರ ದಾಟಿ ಹಳೆಯ ಮದರಾಸು ರಸ್ತೆಯಲ್ಲಿ ಮುಂದೆ ಹೋದರೆ ಸಿಗುವುದೇ ಆ ಜಿಲ್ಲೆ. ಕೆರೆಗಳ ನಾಡು, ಕಡಲು ಕಾಣದ ನಾಡು. ತಪ್ಪು ಆ ಮಕ್ಕಳದಲ್ಲ. ಕೆರೆಯ ನೀರು ಬಲ್ಲವರಿಗೆ ಕಡಲಿನ ನೀರಿನ ಸ್ವಭಾವ ಗೊತ್ತಿರುವುದಿಲ್ಲ. ಬೆಂಗಳೂರಿನವರೆಲ್ಲರ ಸ್ಥಿತಿಯೂ ಇಷ್ಟೇ. ನಗರದ ಈಜುಕೊಳದಲ್ಲಿ ಬೇಸಿಗೆಯೆಲ್ಲ ಈಜು ಕಲಿತ ಹುಡುಗ ಕಡಲಿಗೆ ಹೆಚ್ಚು ಧೈರ್ಯದಿಂದ ಇಳಿಯುತ್ತಾನೆ. ಆದಕಾರಣವೇ ಅವನ ಮೇಲೆ ಹೆಚ್ಚು ಕಣ್ಣಿರಬೇಕು.

ಕಡಲಿನಲ್ಲಿ ಜನ ಮುಳುಗುವುದು ಬಹುಮಟ್ಟಿಗೆ ಅಲೆಗೆ ಸಿಕ್ಕಿ ಅಲ್ಲ, ಸೆಳವಿಗೆ ಸಿಕ್ಕಿ. ದಡಕ್ಕೆ ಬಂದು ಬೀಳುವ ನೀರೆಲ್ಲ ಎಲ್ಲಿಯಾದರೂ ಹಿಂದಕ್ಕೆ ಹೋಗಬೇಕಷ್ಟೆ. ನೆಲದ ಮರಳಿನಲ್ಲಿ ತಗ್ಗಾದ ಕಾಲುವೆ ಇರುವ ಕಡೆ ಅದು ಒಟ್ಟುಗೂಡಿ, ಹೊಳೆಯ ಹಾಗೆ, ಕಡಲಿನತ್ತ ಹರಿಯುತ್ತದೆ. ಕಣ್ಣಿಗೆ ಮೋಸ ಮಾಡುವ ಸಂಗತಿ ಎಂದರೆ, ಅಲ್ಲಿ ಅಲೆ ಒಡೆಯುವುದಿಲ್ಲ. ಎರಡು ಕಡೆಯೂ ಬಿಳಿಯ ನೊರೆ ಎದ್ದಿರುವಾಗ ನಡುವೆ ಒಂದು ಪಟ್ಟಿ ಮಾತ್ರ ಕಪ್ಪಾಗಿ, ಶಾಂತವಾಗಿ ಕಂಡರೆ, ಮಕ್ಕಳನ್ನು ಇಳಿಸಲು ಅದೇ ಒಳ್ಳೆಯ ಜಾಗವೆಂದು ತಾಯ್ತಂದೆಯರು ಆರಿಸುತ್ತಾರೆ. ವಾಸ್ತವದಲ್ಲಿ ಅದೇ ಸೆಳವಿನ ಬಾಯಿ.

ಸೆಳವಿಗೆ ಸಿಕ್ಕವರು ದಡದತ್ತ ನೇರವಾಗಿ ಈಜಲು ಹೆಣಗಬಾರದು. ಒಳ್ಳೆಯ ಈಜುಗಾರನೂ ಅದರೆದುರು ಸೋಲುತ್ತಾನೆ, ಅವನ ಶಕ್ತಿ ಅಲ್ಲಿಯೇ ಮುಗಿಯುತ್ತದೆ. ಸೆಳವು ಕೆಳಕ್ಕೆ ಎಳೆಯುವುದಿಲ್ಲ, ಹೊರಕ್ಕೆ ಒಯ್ಯುತ್ತದೆ, ಮತ್ತು ಅದರ ಅಗಲ ಕಡಿಮೆ. ಬೆನ್ನ ಮೇಲೆ ತೇಲುತ್ತ, ಕೈ ಎತ್ತಿ ಕೂಗಿ, ದಡಕ್ಕೆ ಸಮಾನಾಂತರವಾಗಿ ಪಕ್ಕಕ್ಕೆ ಸರಿದು, ಅಲೆ ಒಡೆಯುವ ಜಾಗ ಸಿಕ್ಕಿದ ಮೇಲೆ ಅಲೆಯೊಡನೆಯೇ ದಡಕ್ಕೆ ಬರಬೇಕು. ದಡದಲ್ಲಿದ್ದವರು ಕೈಗೆ ಏನೂ ಇಲ್ಲದೆ ಹಿಂದೆ ಹಾರತಕ್ಕದ್ದಲ್ಲ. ಒಬ್ಬರನ್ನು ಉಳಿಸಲು ಹೋದ ಇಬ್ಬರು ಹೋದ ಕಥೆ ಪ್ರತಿ ತೀರದಲ್ಲೂ ಉಂಟು. ತೇಲುವ ವಸ್ತು ಏನಿದ್ದರೂ, ಮುಚ್ಚಿದ ಖಾಲಿ ನೀರಿನ ಡಬ್ಬವಾದರೂ ಸರಿ, ಅದನ್ನು ಎಸೆದು ಕಾವಲುಗಾರರನ್ನು ಕರೆಯಬೇಕು.

ಕೆಂಪು ಬಾವುಟ ಕಂಡ ದಿನ ಪಾದವೂ ನೆನೆಯುವುದು ಬೇಡ. ಬಾವುಟವಿಲ್ಲದ ಹೋಟೆಲಿನ ಮುಂದೆ ಇಳಿಯುವುದಾದರೆ, ಆ ಊರಿನ ಬೆಸ್ತರನ್ನೋ ಹೋಟೆಲಿನ ಹಳೆಯ ಆಳನ್ನೋ ಕೇಳಬೇಕು. ಅವರು ‘ಬೇಡ’ ಎಂದರೆ ಚರ್ಚೆ ಮಾಡತಕ್ಕದ್ದಲ್ಲ. ಸೀರೆ, ಚೂಡಿದಾರ, ಜೀನ್ಸು ಇವೆಲ್ಲ ನೆನೆದ ಮೇಲೆ ಭಾರವಾಗಿ ಕಾಲಿಗೆ ಸುತ್ತಿಕೊಳ್ಳುತ್ತವೆ. ಮೊಣಕಾಲಿನವರೆಗೆ ಮಾತ್ರ ಇಳಿಯುವೆನೆಂದು ಹೊರಟ ಹೆಂಗಸರಿಗೂ ಈ ಮಾತು ಸಲ್ಲುತ್ತದೆ. ಒಂದು ಮಗುವಿಗೆ ಒಬ್ಬರು ದೊಡ್ಡವರು ಎಂಬುದು ಲೆಕ್ಕ, ಮತ್ತು ಆ ದೊಡ್ಡವರ ಕೈಯಲ್ಲಿ ದೂರವಾಣಿ ಇರಕೂಡದು. ‘ಎಲ್ಲರೂ ನೋಡುತ್ತಿದ್ದೆವು’ ಎನ್ನುವ ಕಡೆ ಯಾರೂ ನೋಡುತ್ತಿರುವುದಿಲ್ಲ. ಮೊದಲ ದಿನ ಬಿಸಿಲಿಗೂ ಅಂಜಬೇಕು. ಬೆಂಗಳೂರಿನ ತಂಪಿಗೆ ಒಗ್ಗಿದ ಚರ್ಮ ಲಂಕೆಯ ಮಧ್ಯಾಹ್ನದಲ್ಲಿ ಅರ್ಧ ಗಂಟೆಗೇ ಕೆಂಪೇರುತ್ತದೆ.

ಕಡಲು ಒಪ್ಪದ ದಿನಕ್ಕೆ ಬೆಂತೋಟದಲ್ಲಿ ನದಿಯಿದೆ. ಮ್ಯಾಂಗ್ರೋವ್ ಬೇರುಗಳ ನಡುವೆ ದೋಣಿಯಲ್ಲಿ ಎರಡು ಗಂಟೆ ತಿರುಗಿದರೆ ಉಡ, ಮಿಂಚುಳ್ಳಿ, ನೀರುಕಾಗೆ ಎಲ್ಲವೂ ಕಾಣುತ್ತವೆ. ತೇಲುಕವಚ ಕೊಡದ ದೋಣಿಗೆ ಹತ್ತಬಾರದು. ಬಾಯಿಗೆ ದಾರ ಕಟ್ಟಿದ ಮೊಸಳೆಮರಿಯನ್ನು ತಂದು ‘ಚಿತ್ರ ತೆಗೆಯಿರಿ’ ಎನ್ನುವವರಿಗೆ ಹಣ ಕೊಟ್ಟರೆ, ಮರುದಿನ ಇನ್ನೊಂದು ಮರಿಯ ಬಾಯಿಗೂ ದಾರ ಬೀಳುತ್ತದೆ.

ಆಪತ್ತಿಗೆ 1990 ಎಂಬ ಸಂಖ್ಯೆಗೆ ಕರೆ ಮಾಡಿದರೆ ಆಂಬ್ಯುಲೆನ್ಸು ಉಚಿತವಾಗಿ ಬರುತ್ತದೆ. ‘ಸುವ ಸೆರಿಯ’ ಎಂಬ ಈ ಸೇವೆ ಭಾರತದ ನೆರವಿನಿಂದ 2016ರಲ್ಲಿ ಆರಂಭವಾದುದು. ಪೊಲೀಸರಿಗೆ 119.

ಊಟದ ಮಾತು

ಸಸ್ಯಾಹಾರಿಗಳಿಗೆ ಲಂಕೆಯಲ್ಲಿ ತಿನ್ನಲು ಏನೂ ಸಿಗದೆಂಬುದು ಸುಳ್ಳು. ಎಲ್ಲವೂ ಸಿಗುತ್ತದೆಂಬುದೂ ಸುಳ್ಳು. ಅಲ್ಲಿಯ ‘ಇಂದಿ ಆಪ್ಪ’ ಎಂದರೆ ಇಲ್ಲಿಯ ಒತ್ತುಶ್ಯಾವಿಗೆಯ ಅಕ್ಕ. ‘ಆಪ್ಪ’ ಅಂಚು ಗರಿಯಾದ, ನಡು ಮೆತ್ತನೆಯ ಅಪ್ಪ. ‘ಕಿರಿಬತ್’ ತೆಂಗಿನ ಹಾಲಿನಲ್ಲಿ ಬೇಯಿಸಿದ ಅನ್ನದ ಬಿಲ್ಲೆ. ತೊವ್ವೆಗೆ ‘ಪರಿಪ್ಪು’ ಎನ್ನುತ್ತಾರೆ. ಹಲಸೂರಿನವರು ವಿಶೇಷವಾಗಿ ಕೇಳಿ ತಿನ್ನಬೇಕಾದದ್ದು ಹಲಸು. ತಮ್ಮ ಊರಿನ ಹೆಸರಿನಲ್ಲಿ ಮಾತ್ರ ಉಳಿದಿರುವ ಆ ಮರ ಅಲ್ಲಿ ಮನೆಮನೆಯ ಹಿತ್ತಲಿನಲ್ಲಿದೆ. ಅದನ್ನು ‘ಅನ್ನದ ಮರ’ವೆಂದೇ ಕರೆಯುತ್ತಾರೆ. ಎಳೆಯ ಹಲಸಿನ ‘ಪೊಲೊಸ್’ ಪಲ್ಯವನ್ನು ಮಣ್ಣಿನ ಮಡಕೆಯಲ್ಲಿ ಗಂಟೆಗಟ್ಟಲೆ ಸಣ್ಣ ಉರಿಯಲ್ಲಿ ಬೇಯಿಸುತ್ತಾರೆ.

ತೊಡಕು ಇರುವುದು ‘ಉಂಬಲಕಡ’ದಲ್ಲಿ. ಒಣಗಿಸಿ ಕಟ್ಟಿಗೆಯಂತೆ ಮಾಡಿದ ಮಾಲ್ಡೀವ್ಸಿನ ಮೀನಿನ ಪುಡಿ ಇದು. ಬೆಂಗಳೂರಿನ ಅಡುಗೆಗೆ ಇಂಗು ಇದ್ದಂತೆ ಅಲ್ಲಿಯ ಅಡುಗೆಗೆ ಉಂಬಲಕಡ. ಕಾಯಿಯ ಸಾಂಬೋಲ, ಈರುಳ್ಳಿ-ಮೆಣಸಿನ ಚಟ್ನಿ, ಬದನೆಯ ಪಲ್ಯ, ಸೊಪ್ಪಿನ ಪಲ್ಯ ಎಲ್ಲದರಲ್ಲೂ ಬೀಳಬಹುದು. ಹಾಕಿದವರು ಅದನ್ನು ಮೀನೆಂದು ಲೆಕ್ಕಿಸದೆ, ‘ಶುದ್ಧ ತರಕಾರಿ’ ಎಂದು ನಂಬಿಕೆಯಿಂದಲೇ ಬಡಿಸುತ್ತಾರೆ. ಅವರನ್ನು ದೂರಿ ಫಲವಿಲ್ಲ. ‘ಮಾಂಸವಿಲ್ಲವೇ, ಮೀನಿಲ್ಲವೇ’ ಎಂದು ಕೇಳಿದರೆ ಸಾಲದು. ‘ಉಂಬಲಕಡ ಎಪಾ’ (ಬೇಡ) ಎಂದು ಆ ಹೆಸರನ್ನೇ ಹಿಡಿದು ಹೇಳಬೇಕು. ಅದೂ ಬಡಿಸುವವನಿಗಲ್ಲ, ಅಡುಗೆಯವನಿಗೆ. ಹಿಂದಿನ ದಿನ ಹೇಳಿದರೆ ಇನ್ನೂ ಉತ್ತಮ. ಮಡಿ-ಆಚಾರದ ಅಜ್ಜಿಯರು ಸಂಗಡ ಇದ್ದರೆ, ಅಡುಗೆಮನೆಯಿರುವ ಬಾಡಿಗೆ ಮನೆ ಹಿಡಿದು ಅಲುತ್‌ಗಮದ ಪೇಟೆಯಿಂದ ತರಕಾರಿ ತಂದುಕೊಳ್ಳುವುದೇ ಮನಸ್ಸಿಗೆ ನೆಮ್ಮದಿ. ಚಟ್ನಿಪುಡಿಯ ಡಬ್ಬವೊಂದು ಪೆಟ್ಟಿಗೆಯಲ್ಲಿದ್ದರೆ ಮೊದಲ ರಾತ್ರಿ ಕಳೆಯುತ್ತದೆ. ಕೊಲಂಬೊದಲ್ಲಿ ಒಂದು ಹೊತ್ತು ಸಿಕ್ಕಿದರೆ ವೆಳ್ಳವತ್ತೆಯ ಕಡೆ ತಮಿಳರ ಸಸ್ಯಾಹಾರಿ ಊಟದ ಮನೆಗಳುಂಟು.

ಶಿವಾಜಿನಗರದ ಮುಸಲ್ಮಾನ ಸಂಸಾರಗಳಿಗೆ ಈ ಚಿಂತೆ ಕಡಿಮೆ. ನದಿಯ ಉತ್ತರಕ್ಕಿರುವ ಬೇರುವಳದಲ್ಲಿ ತಮಿಳು ಆಡುವ ಮುಸ್ಲಿಮರು ಬಹುಕಾಲದಿಂದ ನೆಲೆಸಿದ್ದಾರೆ. ಹಲಾಲ್ ಊಟ ಸುಲಭವಾಗಿ ಸಿಗುತ್ತದೆ. ಅಲ್ಲಿಯ ಕೆಚಿಮಲೈ ಮಸೀದಿ ಕಡಲಿಗೆ ಚಾಚಿದ ಬಂಡೆಯ ಮೇಲೆ ಬೆಳ್ಳಗೆ ನಿಂತಿರುವುದನ್ನು ಯಾರಾದರೂ ನೋಡಿ ಬರತಕ್ಕದ್ದೇ. ಅದೇ ಊರಿನ ಹರಳಿನ ಪೇಟೆಯಲ್ಲಿ ನೀಲವನ್ನೋ ವೈಡೂರ್ಯವನ್ನೋ ‘ಅಗ್ಗವಾಗಿ’ ಕೊಳ್ಳುವ ಆಸೆ ಬಂದರೆ, ಹರಳಿನ ಪರೀಕ್ಷೆ ಬಲ್ಲವರಲ್ಲದವರು ಕೈಯನ್ನು ಜೇಬಿನಿಂದ ಹೊರತೆಗೆಯದಿರುವುದು ಲೇಸು.

ಪ್ರತಿ ಹುಣ್ಣಿಮೆಯೂ ಅಲ್ಲಿ ‘ಪೋಯ’. ಸರ್ಕಾರಿ ರಜೆ, ಮದ್ಯ ಮಾರಾಟವಿಲ್ಲ. ವಿಹಾರಗಳಿಗೆ ಹೋಗುವಾಗ ಭುಜ, ಮೊಣಕಾಲು ಮುಚ್ಚುವ ಬಿಳಿ ಅಥವಾ ತಿಳಿ ಬಣ್ಣದ ಉಡುಪು ಬೇಕು. ಚಪ್ಪಲಿ ಮಾತ್ರವಲ್ಲ, ಟೋಪಿಯನ್ನೂ ತೆಗೆಯಬೇಕು. ಬುದ್ಧನ ಮೂರ್ತಿಗೆ ಬೆನ್ನು ತಿರುಗಿಸಿ ನಿಂತು ಭಾವಚಿತ್ರ ತೆಗೆಸಿಕೊಳ್ಳುವುದನ್ನು ಅಲ್ಲಿಯವರು ಅಪಚಾರವೆಂದು ಎಣಿಸುತ್ತಾರೆ. ಈ ವಿಷಯದಲ್ಲಿ ಪೊಲೀಸರೂ ಸುಮ್ಮನಿರುವುದಿಲ್ಲ.

ಅಕ್ಕಪಕ್ಕದ ಊರುಗಳು

ಕೊಸ್ಗೊಡದಲ್ಲಿ ಕಡಲಾಮೆಯ ಮೊಟ್ಟೆಗಳನ್ನು ಮರಿಮಾಡಿಸುವ ಕೇಂದ್ರಗಳಿವೆ. ಮಕ್ಕಳಿಗೆ ಇದಕ್ಕಿಂತ ದೊಡ್ಡ ಸಂತೋಷವಿಲ್ಲ. ಆದರೆ ಮರಿಗಳನ್ನು ದಿನಗಟ್ಟಲೆ ತೊಟ್ಟಿಯಲ್ಲಿಟ್ಟು, ಬಂದವರ ಕೈಗೆಲ್ಲ ಕೊಟ್ಟು ಹಣ ಕೇಳುವ ಕೇಂದ್ರಕ್ಕಿಂತ, ಮುಟ್ಟಗೊಡದ ಕೇಂದ್ರ ಉತ್ತಮವೆಂದು ತಿಳಿಯಬೇಕು. ಆಮೆಯ ಚಿಪ್ಪು, ಹವಳದ ತುಂಡು ಇವುಗಳನ್ನು ಕೊಳ್ಳುವುದೂ ಹೊರಗೆ ಒಯ್ಯುವುದೂ ಅಪರಾಧ. ಹೊರಡುವ ಮುನ್ನ ಮಕ್ಕಳ ಜೇಬುಗಳನ್ನು ಒಮ್ಮೆ ನೋಡುವುದು ಒಳ್ಳೆಯದು.

ಗಾಲೆಯ ಕೋಟೆ ದಕ್ಷಿಣಕ್ಕೆ ಸುಮಾರು 50 ಕಿಲೋಮೀಟರ್. ಪೋರ್ಚುಗೀಸರು ಆರಂಭಿಸಿ ಡಚ್ಚರು ಬೆಳೆಸಿದ ಈ ಕೋಟೆಯ ಒಳಗೆ ಇಂದಿಗೂ ಜನ ಸಂಸಾರ ಹೂಡಿದ್ದಾರೆ. ಹೋಗುವಾಗ ಅಲುತ್‌ಗಮದಿಂದ ರೈಲು ಹಿಡಿಯಬೇಕು. ವೇಗದ ಗಾಡಿಗಳು ನಿಲ್ಲುವುದು ಅಲ್ಲಿ. ತಗ್ಗಿನ ಹಳಿ, ಬಲಗಡೆ ಕಡಲು. ಕೆಲವೆಡೆ ಅಲೆಯ ಹನಿ ಕಿಟಕಿಗೇ ಸಿಡಿಯುವಷ್ಟು ಸಮೀಪ. ಬಾಗಿಲಲ್ಲಿ ಜೋತಾಡಿ ಚಿತ್ರ ತೆಗೆಸಿಕೊಳ್ಳುವ ಹುಚ್ಚು ಹಲವು ಪ್ರವಾಸಿಗರ ಪ್ರಾಣ ಕೊಂಡಿದೆ.

ಇದೇ ಹಳಿಯ ಮೇಲೆ, ಹಿಕ್ಕಡುವಕ್ಕೆ ಮುಂಚೆ, ಪೆರಾಲಿಯ ಎಂಬ ಹಳ್ಳಿ ಬರುತ್ತದೆ. 2004ರ ಡಿಸೆಂಬರ್ 26ರ ಬೆಳಿಗ್ಗೆ ಸುನಾಮಿಯ ಮೊದಲ ಅಲೆ ಬಂದಾಗ ಅಲ್ಲಿ ನಿಂತಿದ್ದ ರೈಲೇ ಗಟ್ಟಿ ಆಶ್ರಯವೆಂದು ಹಳ್ಳಿಯವರೂ ಅದನ್ನು ಹತ್ತಿದರು. ಎರಡನೆಯ ಅಲೆ ಗಾಡಿಯನ್ನೇ ಕೊಚ್ಚಿಕೊಂಡು ಹೋಯಿತು. ಸಾವಿರಕ್ಕೂ ಹೆಚ್ಚು ಮಂದಿ ತೀರಿಕೊಂಡರು. ಅಲ್ಲೀಗ ಬುದ್ಧನ ಎತ್ತರವಾದ ಪ್ರತಿಮೆ ನಿಂತಿದೆ. ಕಡಲು ಅಕಾಲದಲ್ಲಿ ದೂರ ಹಿಂದೆ ಸರಿದು ತಳದ ಮರಳು ಕಂಡರೆ, ಅಥವಾ ನೆಲ ಬಹುಹೊತ್ತು ನಡುಗಿದರೆ, ಕಪ್ಪೆಚಿಪ್ಪು ಆಯಲು ಓಡದೆ ಎತ್ತರದ ನೆಲದತ್ತ ಓಡಬೇಕೆಂಬುದನ್ನು ಆ ಹಳ್ಳಿಯನ್ನು ದಾಟುವಾಗಲೇ ಮಕ್ಕಳಿಗೆ ಹೇಳಿದರೆ ಅವರಿಗೆ ಮರೆಯುವುದಿಲ್ಲ.

ಮನೆಗೆ ತರಲು ಚಹವಲ್ಲದೆ ಇನ್ನೊಂದು ವಸ್ತುವುಂಟು: ದಾಲ್ಚಿನ್ನಿ. ಬೆಂತೋಟದಿಂದ ದಕ್ಷಿಣಕ್ಕೆ ಅಂಬಲಂಗೊಡದ ಹಿಂಭಾಗದ ಗುಡ್ಡಗಳೆಲ್ಲ ಅದರ ತೋಟಗಳೇ. ರಸೆಲ್ ಮಾರುಕಟ್ಟೆಯ ಸುತ್ತ ‘ಚಕ್ಕೆ’ ಎಂದು ಸಿಗುವ ದಪ್ಪ ತೊಗಟೆ ಬಹುಮಟ್ಟಿಗೆ ಬೇರೆ ಜಾತಿಯದು. ಲಂಕೆಯದು ಕಾಗದದಷ್ಟು ತೆಳುವಾದ ಪದರಗಳನ್ನು ಚುಟ್ಟದಂತೆ ಸುತ್ತಿದ್ದು. ಬೆರಳಿನಿಂದ ಒತ್ತಿದರೆ ಪುಡಿಯಾಗುತ್ತದೆ. ಮಾರ್ಗದ ಬದಿಯ ‘ಸಾಂಬಾರ ತೋಟ’ಗಳಲ್ಲಿ ಚಾಲಕರ ದಳ್ಳಾಳಿಯೂ ಬೆಲೆಯಲ್ಲಿ ಸೇರಿರುತ್ತದೆಯಾದ್ದರಿಂದ ಅಲುತ್‌ಗಮದ ಸಾಮಾನ್ಯ ಅಂಗಡಿಯಲ್ಲಿ ಕೊಳ್ಳಬೇಕು. ಪರಿಮಳ ಸೌಮ್ಯ, ಸ್ವಲ್ಪ ಸಿಹಿ. ಒಗ್ಗರಣೆಯ ಕಾದ ಎಣ್ಣೆಗೆ ಹಾಕಿದರೆ ಹಾರಿಹೋಗುತ್ತದೆ, ಅಕ್ಕಿ ಅರ್ಧ ಬೆಂದ ಮೇಲೆ ಹಾಕಿ ಮುಚ್ಚಳ ಮುಚ್ಚಬೇಕು.